ಜೇಬಿನಲ್ಲಿದ್ದ ಹ್ಯಾಂಡಲ್ಲು

ಕೋರಮಂಡಲ್ ಚಿನ್ನದ ಗಣಿ, ೧೯೫೮

ಮೇಸ್ತ್ರಿ ಆದಿನಾರಾಯಣಪ್ಪನವರಿಗೆ, ಫಿಟ್ಟರ್ ಕೋದಂಡಪ್ಪನವರ ಮನೆಯಾಕೆ ಮಾಡುವ ನಮಸ್ಕಾರಗಳು.

ಇತ್ತ ಕ್ಷೇಮ ಅಂತ ಬರೆಯೋ ಹಂಗಿಲ್ಲ. ನಮ್ಮವರ ಬಲಗಾಲು ಉಳಿಯಲ್ಲ ಅಂದರು ಡಾಕ್ಟರು. ಆಸ್ಪತ್ರೆಗೂ ಮನೆಗೂ ಓಡಾಡಿ ನಂಗೂ ಸಾಕಾಗಿದೆ.

ಗಣಿಯೊಳಗಿನ ಬ್ಯಾಟರಿ ಇಂಜಿನ್ನಿನ ಅಡಿಗೆ ರಿಪೇರಿಗೆ ನುಗ್ಗೋ ಮುಂಚೆ ಅದರ ಹ್ಯಾಂಡಲ್ಲು ಕಿತ್ತು ಜೇಬಿಗೆ ಹಾಕ್ಕೋಬೇಕು, ಆಗ ಯಾರೂ ಅದನ್ನ ಓಡಿಸೋಕಾಗಲ್ಲ ಅಂತ ನೀವೇ ಅವರಿಗೆ ಕಲಿಸಿದ್ದು. “ಹ್ಯಾಂಡಲ್ಲು ಜೇಬಲ್ಲಿದ್ರೆ ಜೀವ ಜೇಬಲ್ಲಿದ್ದಂಗೆ ಕಣೇ” ಅಂತ ಉಣ್ಣೋವಾಗೆಲ್ಲ ಅನ್ನೋರು. ಆದರೂ ಅವತ್ತು ಅವರು ಅಡೀಲಿದ್ದಾಗಲೇ ಇಂಜಿನ್ನು ಹೊರಟಿತು. ಹ್ಯಾಂಡಲ್ಲು ಇಂಜಿನ್ನಲ್ಲೇ ಬಿಟ್ಟಿದ್ದ, ತಪ್ಪು ಅವನದೇ ಅಂತ ನೀವು ಗಣಿ ದೊರೆಗೆ ಹೇಳಿದಿರಂತೆ. ಈಗ ಕಂಪನಿ ಮನೆ ಖಾಲಿ ಮಾಡಿ ಅಂತಿದಾರೆ.

ನಿಮ್ಮನ್ನ ಬಯ್ಯೋಕೆ ಬರೀತಿಲ್ಲ, ಅಷ್ಟು ತ್ರಾಣ ಇಲ್ಲ. ಅವರು ಎದ್ದು ಕೂರೋವರೆಗೆ ಮನೆ ಬಿಡಿಸಬೇಡಿ. ಆಮೇಲೆ ಕಾಮಸಮುದ್ರಕ್ಕೆ, ನನ್ನ ತವರಿಗೆ ಹೋಗ್ತೀವಿ.

ಇನ್ನು ಹ್ಯಾಂಡಲ್ಲು ಹುಡುಕೋಕೆ ನಿಮ್ಮ ಆಳು ಸೀನಪ್ಪನ್ನ ಕಳಿಸಬೇಡಿ. ಪಾಪ, ಅಕ್ಕಿ ಡಬ್ಬಕ್ಕೂ ಕೈ ಹಾಕಿ ನೋಡಿದ. ನೆನ್ನೆ ಆಸ್ಪತ್ರೆಯವರು ನಮ್ಮವರ ಷರಾಯಿ ಕೊಟ್ಟರು. ಒಗೆಯೋಕೆ ತೆಗೆದರೆ ಹ್ಯಾಂಡಲ್ಲು ಜೇಬಲ್ಲೇ ಇತ್ತು. ದೊರೆ ಬಂದರೆ ಅವರ ಕೈಗೆ ಕೊಡ್ತೀನಿ.

ಅವತ್ತು ಬೇರೆ ಹ್ಯಾಂಡಲ್ಲು ಹಾಕಿ ಓಡಿಸಿದ್ದು ಯಾರು ಅಂತ ನಾನು ಕೇಳಲ್ಲ. ಇದೊಂದು ಮಾತ್ರ ಹೇಳಿ ಅಣ್ಣಾ. ಹ್ಯಾಂಡಲ್ಲು ಇಂಜಿನ್ನಲ್ಲೇ ಇತ್ತು ಅಂದೋರು, ಅದನ್ನ ನಮ್ಮ ಮನೇಲಿ ಯಾಕೆ ಹುಡುಕಿಸಿದಿರಿ?

ಇಂತಿ,
ವೆಂಕಟರತ್ನಮ್ಮ