ಸೀದ ಬಾರ್ಲಿಯ ಸ್ಟೌಟು

ಲೋ ದ್ರೋಹಿ,

ನೀನು ಊರಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡೇ ಇವತ್ತು ಮಧ್ಯಾಹ್ನ ನಿನ್ನ ಬ್ರೂವರಿಗೆ ಕಾಲಿಟ್ಟೆ. ನಿನ್ನ ಆ ಹೆಸರುವಾಸಿ ಕರಿ ಬಿಯರು, ಸ್ಟೌಟು, ಕುಡಿದೆ. ಬಣ್ಣದಲ್ಲಿ, ನೊರೆಯಲ್ಲಿ ಕೊಂಕು ತೆಗೆಯುವಂತಿಲ್ಲ. ಮೊದಲ ಗುಟುಕಿಗೆ ಕಾಫಿ, ಆಮೇಲೆ ಕಹಿ ಚಾಕೊಲೇಟು. ನುಂಗಿದ ಮೇಲೆ ನಾಲಿಗೆಯ ತುಂಬ ಬೂದಿ. ಬಾರ್ಲಿ ಸೀದಿದೆ ಕಣೋ! ಸೀಯದೆ ಇನ್ನೇನಾಗುತ್ತದೆ? ನಿನಗೆ ಹುಟ್ಟಿದಾಗಿನಿಂದ ವಾಸನೆಯೇ ಗೊತ್ತಾಗುವುದಿಲ್ಲ. ಜೊತೆಗಿದ್ದಷ್ಟು ವರ್ಷವೂ ಬಾರ್ಲಿ ಹುರಿಯುವ ಡ್ರಮ್ಮಿನ ಪಕ್ಕ ನನ್ನನ್ನು ನಿಲ್ಲಿಸಿಕೊಂಡು, "ಮೂಗೂ, ಸಾಕೇನೋ?" ಎಂದು ಕೇಳುತ್ತಿದ್ದೆ. ನಾನು ಸಾಕು ಎಂದ ಮೇಲೆಯೇ ನೀನು ಬೆಂಕಿ ಆರಿಸುತ್ತಿದ್ದೆ. ನಾಲ್ಕು ಜನ ಬಿಯರನ್ನು ಹೊಗಳಿದ್ದೇ ತಡ, "ಮೂಗು ಎಲ್ರಿಗೂ ಇರುತ್ತೆ, ಹೋಗೋ" ಎಂದು ನನಗೆ ಬಾಗಿಲು ತೋರಿಸಿದೆ.

"ಹೇಗಿದೆ ಸಾರ್?" ಎಂದಳು ಗ್ಲಾಸು ತಂದಿಟ್ಟವಳು.

"ಇದ್ದಿಲು ನೆಕ್ಕಿದ ಹಾಗಿದೆ. ಹುರಿಯೋವಾಗ ನಿಮ್ಮ ಯಜಮಾನ ನಿದ್ದೆ ಹೊಡೀತಾನಾ?"

"ಇಲ್ಲ ಸಾರ್, ಡ್ರಮ್ ಬಿಟ್ಟು ಅಲ್ಲಾಡಲ್ಲ. ಒಬ್ರೇ ನಿಂತ್ಕೊಂಡು 'ಮೂಗೂ, ಸಾಕೇನೋ?' ಅಂತಿರ್ತಾರೆ. ಆ ಹೆಸರಿನೋರು ನಮ್ಮಲ್ಲಿ ಯಾರೂ ಇಲ್ಲ."

ನೀನು ಹಾಗೇ ಕೇಳುತ್ತಿರು. ಸೀಯುತ್ತಿರಲಿ. ನನ್ನ ಬಾಯಿಂದಂತೂ ಉತ್ತರ ಬರುವುದಿಲ್ಲ, ಈ ಕಾಗದವೂ ನಿನ್ನ ಕೈಸೇರುವುದಿಲ್ಲ.

ತಳದ ಹನಿಯನ್ನೂ ಬಿಡದೆ ಕುಡಿದು, ಇನ್ನೊಂದು ಗ್ಲಾಸು ತರಿಸಿಕೊಂಡೆ.