ಕೆಂಪು ಚುಕ್ಕೆಯ ಕೆಳಗೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಗುಬ್ಬಿ,

ಅಣ್ಣನಿಂದ ಕಾಗದ ಬಂತೆಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿನ್ನ ಅತ್ತಿಗೆಯ ಮಂಡಿನೋವು ಇದ್ದ ಹಾಗೇ ಇದೆ, ನನ್ನ ಸಿಡುಕೂ ಇದ್ದ ಹಾಗೇ ಇದೆ. ಗ್ಯಾರೇಜಿನ ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದೆವು, ಈಗ ನೋಡಲು ಔಷಧಿ ಅಂಗಡಿಯ ಹಾಗಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಾದರೆ ನಾನು ಅರ್ಧದಲ್ಲೇ ಮಾತು ತಿರುಗಿಸಿಬಿಡುತ್ತೇನೆ. ಅದು ನಿನಗೂ ಗೊತ್ತು.

ವಿಷಯ ಇಷ್ಟು. ನಿನ್ನ ಕಾರು ಗ್ಯಾರೇಜಿಗೆ ಬಂದಿದೆ. ಅದೇ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು. ಎಂಟು ವರ್ಷದ ಹಿಂದೆ ಅದು ಏರಿನಲ್ಲಿ ಕೆಮ್ಮಿ ನಿಂತಿದ್ದಕ್ಕೇ ನೀನು ಸ್ಪ್ಯಾನರ್ ಕೆಳಗಿಟ್ಟೆ. ಅದು ಯಾಕೆ ನಿಂತಿತೆಂದು ನನಗೆ ಗೊತ್ತು ಗುಬ್ಬಿ. ಅವತ್ತೂ ಗೊತ್ತಿತ್ತು.

ನಿನ್ನಿಂದ ಕೊಂಡವನು ಅದಕ್ಕೆ ಹೊದಿಕೆ ಹಾಕಿ ಶೆಡ್ಡಿನಲ್ಲಿಟ್ಟು ಮರೆತೇ ಬಿಟ್ಟಿದ್ದನಂತೆ. ಈಗ ಒಬ್ಬ ಹಲ್ಲಿನ ಡಾಕ್ಟರಮ್ಮ ಕೊಂಡಿದ್ದಾರೆ. ಹೋದ ವಾರ ಲಾರಿಯ ಮೇಲೆ ಹೇರಿಸಿಕೊಂಡು ಬಂದು, "ಏರು ಹತ್ತುವಾಗ ಕೆಮ್ಮುತ್ತಂತೆ, ಕಾರ್ಬ್ಯುರೇಟರ್ ಬಿಚ್ಚಿ ನೋಡ್ತೀರಾ?" ಅಂದರು. ಈಗೆಲ್ಲ ನಾನು ಬ್ರೇಕು, ಕ್ಲಚ್ಚು ಅಷ್ಟೇ ಮಾಡುವುದು, ಕಾರ್ಬ್ಯುರೇಟರ್ ಮುಟ್ಟಿ ವರ್ಷಗಳಾದವು ಎಂದು ಹೇಳಲು ಬಾಯಿ ತೆರೆದವನು ಕಾರು ನೋಡಿದ್ದೇ ಬಾನೆಟ್ ಎತ್ತಿದೆ. ನೀನು ಕಟ್ಟಿದ ಕಾರ್ಬ್ಯುರೇಟರ್ ಜೋಡಿ ಹಾಗೇ ಕೂತಿತ್ತು.

ಆ ಇಂಜಿನ್ ನಮ್ಮಲ್ಲಿಗೆ ಬಂದಾಗ ಕಾರ್ಬ್ಯುರೇಟರೇ ಇರಲಿಲ್ಲ, ನೆನಪಿದೆಯಾ? ದೊಡ್ಡ ಬಾಯಿಯ ರೇಸಿನ ಜೋಡಿ ಹಾಕೋಣವೆಂದು ನಾನು ಹಟ ಹಿಡಿದೆ. ನೀನು ಗುಜರಿಯವನ ಡಬ್ಬ ತಡಕಾಡಿ ಸಣ್ಣ ಜೋಡಿಯೊಂದನ್ನು ಹೆಕ್ಕಿ ತಂದೆ. "ಎಳೇ ಮಗೂಗೆ ಸೌಟಲ್ಲಿ ಹಾಲು ಕುಡಿಸ್ತಾರಾ ಅಣ್ಣಾ? ಇದು ಎಷ್ಟು ಉಸಿರೆಳೆಯುತ್ತೋ ಅಷ್ಟೇ ಬಾಯಿ ಸಾಕು" ಅಂದೆ. ನಾನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ನೀನು ಹೇಳಿದ್ದೇ ಸರಿಯಾಗಿತ್ತು. ಅವತ್ತೇ ಹಾಗೆಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಮೂರು ತಿಂಗಳು ಅದರ ಮೇಲೆ ಕೂತೆ ನೀನು. ಬಾಯಿ ತೆರೆದು ಮುಚ್ಚುವ ಸವೆದ ಕಡ್ಡಿಗಳನ್ನು ತೆಗೆದು ಹೊಸದು ಹಾಕಿದೆ, ಅವು ತಿರುಗುವ ಹಿತ್ತಾಳೆ ಬುಷ್‌ಗಳನ್ನು ಕೈಯಲ್ಲೇ ಉಜ್ಜಿ ಕೂರಿಸಿದೆ. ಕೊನೆಗೆ ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಎರಡೂ ಬಾಯಿಗಳ ಬಳಿ ಸರದಿಯಲ್ಲಿ ಹಿಡಿದು, ಗಾಳಿ ಎಳೆಯುವ ಸದ್ದು ಒಂದೇ ಸಮ ಆಗುವವರೆಗೆ ಸ್ಕ್ರೂ ತಿರುಗಿಸಿದೆ. ನಾನು ಕೈಕಟ್ಟಿ ನಿಂತು, "ನೀನೇ ಕೇಳು, ಕಲಿಯೋಳು ನೀನು" ಅನ್ನುತ್ತಿದ್ದೆ. ಯಾವ ಗಾಡಿಯಾದರೂ ಹಾಗೇ ಅಲ್ಲವೇ? ಎಲ್ಲ ಮುಗಿದ ಮೇಲೆ ನಾನು ಬಂದು ಸ್ಕ್ರೂ ಒಂಚೂರು ಆಡಿಸಿ, "ಹಾಂ, ಈಗ ಸರಿ ಹೋಯ್ತು" ಅನ್ನುತ್ತಿದ್ದೆ.

ಆಮೇಲೆ ನೀನು ನಮ್ಮ ಗ್ಯಾರೇಜಿನ ರೂಢಿಯಂತೆ ಕಾರ್ಬ್ಯುರೇಟರ್ ಮುಚ್ಚಳದ ಸ್ಕ್ರೂ ಮೇಲೆ ಅತ್ತಿಗೆಯ ನೇಲ್ ಪಾಲಿಶ್‌ನಿಂದ ಕೆಂಪು ಚುಕ್ಕೆ ಇಟ್ಟೆ. ಚುಕ್ಕೆ ಇಟ್ಟ ಮೇಲೆ ಒಳಗಿನದಕ್ಕೆ ಇಟ್ಟವರೇ ಜವಾಬ್ದಾರರು. ಚುಕ್ಕೆ ಒಡೆಯದಿದ್ದರೆ ಯಾರೂ ಮುಚ್ಚಳ ತೆಗೆಯಬೇಕಾಗಿಲ್ಲ. ಈ ರೂಢಿ ಮಾಡಿದವನು ನಾನೇ.

ಅದೇ ವಾರ ನೀನು, ಗೆಳತಿಯ ಊರಿನಲ್ಲಿ ಸ್ವಂತ ಗ್ಯಾರೇಜು ತೆಗೆಯುತ್ತೇನೆ, ಗಿರಾಕಿಗಳಿಗೆ ತೋರಿಸಲು ಈ ಕಾರೇ ಸಾಕು ಅಂದೆ. ನಾನು ಮೇಲ್ನೋಟಕ್ಕೆ ತಲೆಯಾಡಿಸಿದೆ. ಹೊರಡುವ ದಿನ ಬೆಳಿಗ್ಗೆ ನೀನೂ ಅತ್ತಿಗೆಯೂ ಅಡಿಗೆಮನೆಯಲ್ಲಿ ನಗುತ್ತಾ ಕೂತಿದ್ದಿರಿ. ನಾನು ಜೋಡಿಯಲ್ಲಿ ಹಿಂಬದಿಯ ಕಾರ್ಬ್ಯುರೇಟರ್ ಬಿಚ್ಚಿ ಒಳಗಿನ ಸೂಜಿ ಬದಲಾಯಿಸಿದೆ.

ಬರೆದುಬಿಟ್ಟೆ.

ಸೂಜಿ ದಪ್ಪವಾದಷ್ಟೂ ಪೆಟ್ರೋಲು ಕಡಿಮೆ ಇಳಿಯುತ್ತದೆ, ಅದನ್ನು ನಿನಗೆ ನಾನು ಹೇಳಬೇಕೇ? ಮೇಲೆ ನಿನ್ನ ಸೂಜಿಯಷ್ಟೇ ಇದ್ದು ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ದಪ್ಪವಿರುವುದನ್ನು ಹುಡುಕಿ ಹಾಕಿದೆ. ನಿಂತಲ್ಲಿ ಗೊತ್ತಾಗುವುದಿಲ್ಲ, ಸಮತಟ್ಟು ರಸ್ತೆಯಲ್ಲೂ ಗೊತ್ತಾಗುವುದಿಲ್ಲ, ಏರಿನಲ್ಲಷ್ಟೇ ಪೆಟ್ರೋಲು ಸಾಲದೆ ಕೆಮ್ಮುತ್ತದೆ. ಒಡೆದ ನಿನ್ನ ಚುಕ್ಕೆಯ ಮೇಲೆ ಹೊಸ ಚುಕ್ಕೆ ಇಟ್ಟು, ಅದು ಒಣಗಲೆಂದು ಕಳ್ಳನ ಹಾಗೆ ಊದುತ್ತಾ ನಿಂತಿದ್ದೆ. ಊರಾಚೆಯ ಏರಿನಲ್ಲೇ ನಿನ್ನ ಗಾಡಿ ನಿಲ್ಲುತ್ತದೆ, ನೀನು ಫೋನ್ ಮಾಡುತ್ತೀಯ, ನಾನು ಹೋಗಿ ಎಳೆದುಕೊಂಡು ಬರುತ್ತೇನೆ, ಇನ್ನೊಂದೆರಡು ವರ್ಷ ಇಲ್ಲೇ ಇದ್ದು ಕಲಿ ಅನ್ನುತ್ತೇನೆ. ಇದು ನನ್ನ ಲೆಕ್ಕಾಚಾರ. ನೀನೋ, ಏರು ಬಿಟ್ಟು ಹೊಳೆಯ ಪಕ್ಕದ ರಸ್ತೆ ಹಿಡಿದು ನೆಟ್ಟಗೆ ಹೋಗಿ ಸೇರಿದೆ.

ಐದನೇ ದಿನ ನಿನ್ನ ಫೋನು ಬಂತು. ಮೂವರು ಗಿರಾಕಿಗಳ ಎದುರು, ನೀರಿನ ಟ್ಯಾಂಕಿನ ಏರಿನಲ್ಲಿ ಕಾರು ಕೆಮ್ಮಿ ನಿಂತಿತೆಂದೆ. ಅವರು ನಕ್ಕರೆಂದೆ. "ಫ್ಲೋಟ್ ನೋಡ್ದೆ, ಪೈಪ್ ನೋಡ್ದೆ, ಎಲ್ಲೂ ಗಾಳಿ ಸೋರ್ತಿಲ್ಲ ಅಣ್ಣಾ. ಮುಚ್ಚಳ ಮಾತ್ರ ತೆಗೀಲಿಲ್ಲ, ನನ್ನ ಚುಕ್ಕೆ ಹಾಗೇ ಇದೆ" ಅಂದೆ.

ತೆಗೆದು ನೋಡು. ಎರಡೇ ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಾನು ಹೇಳಿದ್ದೇನು? "ನಿನ್ನ ಕೈ ಇನ್ನೂ ಪಳಗಿಲ್ಲ ಪುಟ್ಟಾ, ವಾಪಸ್ ಬಂದ್ಬಿಡು."

ನೀನು ಬರಲಿಲ್ಲ. ಕಾರು ಮಾರಿದೆ, ಗ್ಯಾರೇಜಿಗೆಂದು ಗೆಳತಿ ಕೊಟ್ಟಿದ್ದ ಮುಂಗಡ ವಾಪಸ್ ಕೊಟ್ಟೆ, ಲಿಫ್ಟ್ ಕಂಪನಿಯ ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದೆ. ಒಮ್ಮೆ ಮನೆಗೆ ಬಂದಾಗ ಅತ್ತಿಗೆಯ ಮಿಕ್ಸರ್ ಕೆಟ್ಟಿತ್ತು. ರಿಪೇರಿ ಮಾಡಿಕೊಡು ಅಂದರೆ, "ನನ್ನ ಕೈ ಒಳ್ಳೇದಲ್ಲ ಅತ್ತಿಗೆ, ಅಂಗಡಿಗೇ ಕೊಡಿ" ಅಂದೆ. ಅವತ್ತು ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ಆದರೂ ಹೇಳಲಿಲ್ಲ. ಒಂದು ವರ್ಷ ಸುಮ್ಮನಿದ್ದವನಿಗೆ ಎರಡನೇ ವರ್ಷ ಹೇಳುವುದು ಇನ್ನೂ ಕಷ್ಟ. ಹೀಗೇ ಎಂಟು ವರ್ಷ ಆಯಿತು.

ಗುರುವಾರ ಎರಡೂ ಕಾರ್ಬ್ಯುರೇಟರ್ ಬಿಚ್ಚಿದೆ. ಚಾಕುವಿನ ತುದಿಯಿಂದ ಕೆರೆದರೆ ನನ್ನ ಚುಕ್ಕೆ ಸಿಪ್ಪೆಯ ಹಾಗೆ ಎದ್ದಿತು, ಕೆಳಗೆ ನಿನ್ನದರ ಚೂರು ಇತ್ತು. ನೀನು ಕೂರಿಸಿದ ಬುಷ್‌ಗಳಲ್ಲಿ ಇವತ್ತಿಗೂ ಒಂದಿಷ್ಟೂ ಸಡಿಲವಿಲ್ಲ. ಅವುಗಳ ಒಳಗಿನ ಪಿಸ್ಟನ್‌ಗಳನ್ನು ಎತ್ತಿ ಬಿಟ್ಟೆ, ಎರಡೂ ಒಂದೇ ವೇಗದಲ್ಲಿ ಇಳಿದು ಕೂತಿದ್ದು ಬೆರಳಿಗೆ ಗೊತ್ತಾಯಿತು. ಮೂವತ್ತು ವರ್ಷದಲ್ಲಿ ನಾನು ಇಷ್ಟು ಅಚ್ಚುಕಟ್ಟಾಗಿ ಒಂದು ಜೋಡಿಯನ್ನೂ ಕಟ್ಟಿಲ್ಲ. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ ಗುಬ್ಬಿ. ಅವತ್ತೂ ಇರಲಿಲ್ಲ.

ನಿನ್ನ ಸೂಜಿ ನನ್ನ ಡ್ರಾಯರಿನಲ್ಲೇ ಕಾಗದದಲ್ಲಿ ಸುತ್ತಿಟ್ಟಿತ್ತು. ಅದನ್ನು ಅದರ ಜಾಗಕ್ಕೆ ಹಾಕಿದ್ದೇನೆ. ಲಕೋಟೆಯಲ್ಲಿರುವುದು ನಾನು ಹಾಕಿದ್ದು. ಅಳೆದು ನೋಡು, ನಾನು ಸುಳ್ಳು ಹೇಳುತ್ತಿಲ್ಲವೆಂದು ಗೊತ್ತಾಗುತ್ತದೆ. ಆಮೇಲೆ ಬಿಸಾಡು, ಇಲ್ಲವೇ ಇಟ್ಟುಕೋ, ನಿನ್ನಿಷ್ಟ.

ಶುಕ್ರವಾರ ನಿನ್ನ ಅತ್ತಿಗೆಗೂ ಹೇಳಿದೆ. "ಇನ್ಮೇಲೆ ನನ್ನ ನೇಲ್ ಪಾಲಿಶ್ ಬಾಟ್ಲಿ ಮುಟ್ಬೇಡಿ" ಅಂದಳು. ಅಷ್ಟೇ. ಆಮೇಲಿಂದ ನನ್ನ ಎದುರಿಗೆ ತಟ್ಟೆ ಕುಕ್ಕುತ್ತಾಳೆ.

ತಂಗಿಯ ಮೇಲಿನ ಪ್ರೀತಿಯಿಂದ, ಅವಳು ದೂರ ಹೋಗುತ್ತಾಳಲ್ಲ ಎಂಬ ಸಂಕಟದಿಂದ ಹಾಗೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನಗೆ ಸಿಟ್ಟು ಬಂದರೆ ಅದನ್ನು ನನ್ನ ಮೇಲೇ ಇಟ್ಟುಕೋ. ನಿನ್ನ ಕೈಗಳ ಮೇಲೆ ಮಾತ್ರ ಇನ್ನು ಬೇಡ.

ಇಂತಿ,
ನಿನ್ನ ಕೆಲಸ ಕೆಡಿಸಿದ
ಅಣ್ಣ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಪ್ರೀತಿ ಎಂದು ಬರೆದಿದ್ದು ಪೂರ್ತಿ ನಿಜವಲ್ಲ. ನೀನು ಹೊರಡುವ ಎರಡು ವರ್ಷ ಮೊದಲೇ ನನ್ನ ಬಲಗಿವಿ ಹೋಗಿತ್ತು, ಎಡಗಿವಿ ಅರ್ಧಕ್ಕೆ ಬಂದಿತ್ತು. ಈಗ ಅದೂ ಇಲ್ಲ, ಎದುರಿಗಿದ್ದವರ ಮಾತನ್ನು ತುಟಿ ನೋಡಿ ತಿಳಿಯುತ್ತೇನೆ, ಫೋನ್ ಎತ್ತುವುದು ಅತ್ತಿಗೆಯೇ. "ನೀನೇ ಕೇಳು" ಅನ್ನುತ್ತಿದ್ದುದು ನಿನಗೆ ಕಲಿಸಲಿಕ್ಕಲ್ಲ. ಕೊನೆಯಲ್ಲಿ ಬಂದು ನಾನು ಸ್ಕ್ರೂ ಆಡಿಸುತ್ತಿದ್ದೆನಲ್ಲ, ಒಂಚೂರು ಆಚೆ ತಿರುಗಿಸಿ, ಮತ್ತೆ ನೀನು ಇಟ್ಟಲ್ಲಿಗೇ ತಂದು ಬಿಡುತ್ತಿದ್ದೆ. ನೀನು ಹೋದರೆ ನನ್ನ ಗುಟ್ಟು ರಟ್ಟಾಗುತ್ತಿತ್ತು.

ಡಾಕ್ಟರಮ್ಮನ ಕಾರು ಸ್ಟಾರ್ಟ್ ಆಗುತ್ತದೆ. ಆದರೆ ಎರಡೂ ಒಂದೇ ಸಮ ಉಸಿರಾಡುತ್ತಿವೆಯೋ ಇಲ್ಲವೋ ನನಗೆ ತಿಳಿಯದು, ಹಾಗೆಂದೇ ಅವರಿಗೂ ಹೇಳಿದೆ. ತಿಳಿದವರು ಯಾರಾದರೂ ಇದ್ದಾರಾ ಎಂದು ಕೇಳಿದರು. ನಿನ್ನ ವಿಳಾಸ ಬರೆದುಕೊಟ್ಟಿದ್ದೇನೆ. ಬೇಡವೆನಿಸಿದರೆ ಅವರಿಗೆ ಬೇಡ ಅನ್ನು. ಸ್ಕ್ರೂ ಮೇಲೆ ಚುಕ್ಕೆ ಇಟ್ಟಿಲ್ಲ.