ಅಟ್ಟದ ಮೇಲೆ ಎತ್ತಿದ ಹಾಡು

ಅಕ್ಕಾ,

ದಂಡಿನಶಿವರದ ಮದುವೆ ಮನೆಗಳಲ್ಲಿ ನೀನು ಹಾಡು ಎತ್ತಿದ ಮೇಲಲ್ಲವೇ ನಾನು ಬಾಯಿ ಬಿಡುತ್ತಿದ್ದದ್ದು? ಮೊದಲ ಸಾಲು ನಿನ್ನದು. ಅದನ್ನು ಹಿಡಿದು ಹಿಂದೆ ಹಾಡುವುದಷ್ಟೇ ನನ್ನ ಪಾಲು. "ನೀನೂ ಒಂದ್ಸಲ ಎತ್ತೇ, ಗಂಟ್ಲೇನ್ ಸವ್ದೋಗಕಿಲ್ಲ" ಅಂತ ನೀನು ತಿವಿಯುತ್ತಿದ್ದೆ. ನೀನು ತೀರಿಕೊಂಡ ಮೇಲೆ ಹಾಡಲು ಕರೆದವರಿಗೆಲ್ಲ ಗಂಟಲು ಸರಿಯಿಲ್ಲ ಅಂದುಬಿಟ್ಟೆ. ಸರಿಯಿಲ್ಲದ್ದು ಗಂಟಲೇ ಆಗಿದ್ದರೆ...

ಯುಗಾದಿಗೆ ಕಂದಿಕೆರೆಯ ನಮ್ಮ ಮನೆಗೆ ಬಂದ ನಿನ್ನ ಮಗಳು ಪವಿತ್ರ, ನಾನು ರೊಟ್ಟಿ ತಟ್ಟುತ್ತಾ ಗುನುಗುತ್ತಿದ್ದದ್ದನ್ನು ಮೊಬೈಲಿನಲ್ಲಿ ಹಿಡಿದು, ಹೊಸ ಹಾಡು ಕಟ್ಟುವವರ ಗುಂಪಿಗೆ ಕಳಿಸಿದಳು. ಅದು ನಿನ್ನ ಮೇಲೆ ನಾನೇ ಕಟ್ಟಿದ್ದು. ಧಾರವಾಡದಲ್ಲಿ ಕೊಳಲು ನುಡಿಸುವ ಸುನೀತಾ, ಮಂಗಳೂರಿನಲ್ಲಿ ಗಿಟಾರ್ ನುಡಿಸುವ ಜೋಯಲ್ ಇಬ್ಬರೂ ಜೊತೆ ಸೇರುತ್ತೇವೆಂದರು. ಅವರವರ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುವುದಂತೆ, ಸುನೀತಾ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಕೂಡಿಸುವುದಂತೆ. ಮುಖವೇ ನೋಡದವರ ಜೊತೆ ಹಾಡುವುದು ಹೇಗೆ ಹೇಳು?

"ನೀವ ಮೊದಲ ಹಾಡ್ರೀ ಅಕ್ಕಾರ, ನಾವು ಹಿಂದ ಬರ್ತೀವಿ" ಅಂದಳು ಸುನೀತಾ ಫೋನಿನಲ್ಲಿ. ಕೊಬ್ಬರಿ ಅಟ್ಟ ಹತ್ತಿದೆ. ಕಾಯಿ ರಾಶಿಯ ನಡುವೆ ದನಿ ಮಾರ್ದನಿಸುವುದಿಲ್ಲ, ಹೊರಗಿನ ಸದ್ದೂ ಬರುವುದಿಲ್ಲ. ಆದರೂ ಬಾಯಿ ತೆರೆದಾಗಲೆಲ್ಲ ನೀನು ಎತ್ತಲೆಂದು ಕಾಯುತ್ತಿದ್ದೆ. ಎರಡು ದಿನ ಬರಿಗೈಯಲ್ಲಿ ಇಳಿದು ಬಂದೆ. ಕೊನೆಗೊಂದು ಮಧ್ಯಾಹ್ನ ಕಣ್ಣು ಮುಚ್ಚಿ ಹಾಡಿ, ಮತ್ತೆ ಕೇಳಿಸಿಕೊಳ್ಳದೆ ಕಳಿಸಿಬಿಟ್ಟೆ.

ವಾರದ ಮೇಲೆ ಹಾಡು ತಿರುಗಿ ಬಂತು, ಅಟ್ಟ ಹತ್ತಿ ಕೇಳಿದೆ. ನನ್ನ ಸಾಲು ಮುಗಿಯುವಷ್ಟರಲ್ಲಿ ಕೊಳಲು ಅದನ್ನೇ ಹಿಡಿದು ಹಿಂದೆ ಬಂತು, ಅದರ ಕೆಳಗೆ ಗಿಟಾರು. ಕಾಯಿ ರಾಶಿಗೆ ಒರಗಿ ಕೂತುಬಿಟ್ಟೆ. ಅಷ್ಟು ವರ್ಷ ನನ್ನ ದನಿ ನಿನಗೆ ಹೀಗೇ ಕೇಳುತ್ತಿತ್ತೇ ಅಕ್ಕಾ? ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನುವ ಹಾಗೆ? ಒಂದು ದಿನವೂ ಹೇಳಲಿಲ್ಲವಲ್ಲ ನೀನು.

ಭಾವ ನಿಮ್ಮ ತೋಟದಲ್ಲಿ ಕಾಯಿ ಸುಲಿಸುತ್ತಿದ್ದರು. ಅಲ್ಲಿಗೇ ಹೋಗಿ ಕೇಳಿಸಿದೆ. "ನಿಮ್ಮಕ್ಕಂದಲ್ವೇನಮ್ಮ ಈ ದನಿ?" ಅಂದರು.

"ಇಲ್ಲ ಭಾವ, ನಂದು."

ಸುಲಿಯುವವರಿಗೆ ಕೈ ನಿಲ್ಲಿಸಲು ಹೇಳಿ, "ಇನ್ನೊಂದ್ಸಲ ಆಕು" ಅಂದರು.

ನಿನಗೆ ತಿಳಿಯದ ಸುದ್ದಿಯೊಂದಿದೆ. ಪವಿತ್ರಳಿಗೆ ಗಂಡು ಗೊತ್ತಾಗಿದೆ, ಸಂಪಿಗೆ ಊರಿನ ಹುಡುಗ. ಮದುವೆಗೆ ಸುನೀತಾ, ಜೋಯಲ್ ಇಬ್ಬರೂ ಬರುತ್ತಾರೆ. ಹಸೆಗೆ ಕರೆಯುವ ಹಾಡನ್ನು ಮೂವರೂ ಸೇರಿ ಹೊಸದಾಗಿ ಕಟ್ಟುತ್ತಿದ್ದೇವೆ. ಅದರಲ್ಲೊಂದು ಕಡೆ ಮದುಮಗಳ ತಾಯಿಯ ಹೆಸರು ಬರುತ್ತದೆ.

ಪವಿತ್ರಳಿಗೆ ಇದನ್ನಿನ್ನೂ ಹೇಳಿಲ್ಲ.

ನಿನ್ನ ತಂಗಿ,
ರತ್ನ